ಎಮ್ಮೆ ಹೊಳೆ ದಾಟಿದ ಅಧ್ಯಾಯ

ನನ್ನ ಹತ್ತಿರ ಒಂದು ಪುಸ್ತಕವಿದೆ, ತೆರೆದವರು ಸೀನುತ್ತಾರೆ. ಇದನ್ನು ಅಲಂಕಾರದ ಮಾತೆಂದು ತಿಳಿಯಬೇಡಿ. ಮೊನ್ನೆ ಹಾವೇರಿಯಲ್ಲಿ, ನಾನು ಯಾರ ಕೈಕೆಳಗೆ ವಕೀಲಿ ಕಲಿಯುತ್ತಿದ್ದೇನೋ ಆ ಹಿರಿಯರು ನನ್ನ ಮೇಜಿನ ಮೇಲಿದ್ದ ಅದನ್ನು ಕೈಗೆತ್ತಿಕೊಂಡರು. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರಿಂದ ಪುಟಗಳನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಒಂದರ ಹಿಂದೊಂದು ನಾಲ್ಕು ಸೀನು. ಎದುರಿಗೆ ಕುಳಿತಿದ್ದ ಕಕ್ಷಿದಾರ ತನ್ನ ದಾವೆಗೇ ಅಪಶಕುನವಾಯಿತೆಂದು ಎದ್ದು ಹೊರಗೆ ಹೋಗಿ, ಕಾಲು ತೊಳೆದುಕೊಂಡು ಮತ್ತೆ ಒಳಗೆ ಬಂದ. ನನಗೆ ಶಕುನದಲ್ಲಿ ನಂಬಿಕೆಯಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಘಾಟಿನಲ್ಲಿ ಇದೆ. ಹದಿನಾರು ವರ್ಷದ ಹಿಂದೆ ಆ ಪುಸ್ತಕದ ಹೊಲಿಗೆಯೊಳಗೆ ಹೋಗಿ ಕುಳಿತ ಕೆಂಪು ಪುಡಿ ಇನ್ನೂ ಅಲ್ಲಿಂದ ಎದ್ದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೂರಲ್ಲಿ ಹೇಳುತ್ತಾರೆ. ಹಾಗೆ ಹೇಳುವವರು ಅದನ್ನು ಕಣ್ಣಿಗೆ ಹಚ್ಚಿಕೊಂಡು ನೋಡಿದವರಲ್ಲ.

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕೂಡಲೇ ಒಂದು ಪಕ್ಷ ಹಿಡಿದುಬಿಡುತ್ತೀರಿ. ಏಕೆಂದರೆ ಅದು ಈಗ ಸಿನಿಮಾ ಆಗಿದೆ. ಓದಿದವರು ಒಂದು ಕಡೆ, ನೋಡಿದವರು ಒಂದು ಕಡೆ, ಓದದೆ ನೋಡದೆ ಮೊಬೈಲಿನಲ್ಲಿ ಜಗಳವಾಡುವವರು ಎಲ್ಲ ಕಡೆ. ಪುಸ್ತಕದ ಪಕ್ಷದಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ ಆಗಬೇಕಿತ್ತು. ಕಾಲೇಜಿನಲ್ಲಿ ‘ಪುಸ್ತಕಕ್ಕಿಂತ ಸಿನಿಮಾ ಹೆಚ್ಚು ಪರಿಣಾಮಕಾರಿ’ ಎಂಬ ವಿಷಯದ ಮೇಲೆ ವಿರೋಧವಾಗಿ ಮಾತಾಡಿ ಷೀಲ್ಡು ತಂದವಳು ನಾನು. ಮರುವರ್ಷ ಚೀಟಿಯಲ್ಲಿ ಪರವಾಗಿ ಬಂತು, ಆಗಲೂ ತಂದೆ. ಎರಡೂ ಷೀಲ್ಡುಗಳನ್ನು ಅವ್ವ ಟೀವಿಯ ಆಚೆ ಈಚೆ ಇಟ್ಟಿದ್ದಾಳೆ. ಅವುಗಳ ನಡುವೆ ಕುಳಿತು ಊಟ ಮಾಡುವಾಗ ನನಗೆ ಒಮ್ಮೊಮ್ಮೆ ನಾಚಿಕೆಯಾಗುತ್ತದೆ.

ಮೊದಲು ಕತೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ನಾಡಿನಲ್ಲಿ ಗುಡ್ಡದಾಚೆಯ ದೊರೆಯೊಬ್ಬ ಜನರ ನೆರಳನ್ನು ಕಿತ್ತುಕೊಂಡು ಹೋಗುತ್ತಾನೆ. ನೆರಳು ಹೋದವರು ದಿನಕ್ಕಿಷ್ಟು ಎಂದು ಎಲ್ಲವನ್ನೂ ಮರೆಯುತ್ತ ಬಂದು, ಕೊನೆಗೆ ಮಕ್ಕಳ ಹೆಸರನ್ನೂ ಮರೆಯುತ್ತಾರೆ. ನೀಲಿ ಎಂಬ ಹುಡುಗಿಯ ತಾಯಿಗೆ ಹೀಗಾಗುತ್ತದೆ. ನೀಲಿ ತಾಯಿಯ ನೆರಳನ್ನು ತರಲು ಹೊರಡುತ್ತಾಳೆ. ಜೊತೆಗೆ ಮುಗಿಲಿ ಎಂಬ ಮುದಿ ಎಮ್ಮೆ. ಮುಗಿಲಿಗೆ ಮಾತು ಬರುತ್ತದೆ, ಆದರೆ ಮೆಲುಕು ಹಾಕುವಾಗ ಮಾತ್ರ. ಆದ್ದರಿಂದ ನೀಲಿಗೆ ಬುದ್ಧಿಮಾತು ಬೇಕಾದಾಗಲೆಲ್ಲ ಎಲ್ಲಿಂದಾದರೂ ಹುಲ್ಲು ಹುಡುಕಿ ತರಬೇಕು. ಎಮ್ಮೆ ತಿನ್ನಬೇಕು, ಮಲಗಬೇಕು, ಮೆಲುಕಿಗೆ ತೊಡಗಬೇಕು. ಅಷ್ಟು ಹೊತ್ತಿಗೆ ಶತ್ರುಗಳು ಬಂದು ಹೋಗಿರುತ್ತಾರೆ. ಎಮ್ಮೆಯ ಬಾಯಿ ಬಹಳ ಕೆಟ್ಟದ್ದು. ಬೈದೇ ಪ್ರೀತಿ ಮಾಡುವ ಜಾತಿ.

ಐದನೇ ಇಯತ್ತೆಯಲ್ಲಿ ಭಾಷಣ ಸ್ಪರ್ಧೆಗೆ ಬಹುಮಾನವಾಗಿ ಈ ಪುಸ್ತಕ ಬಂತು. ಅವ್ವ ಆಗ ಬ್ಯಾಡಗಿಯ ಒಂದು ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಹದಿನೈದು ಇಪ್ಪತ್ತು ಹೆಂಗಸರು ಗೋಣಿತಟ್ಟಿನ ಮೇಲೆ ಸಾಲಾಗಿ ಕುಳಿತು, ಮುಂದೆ ಕೆಂಪು ರಾಶಿ ಹಾಕಿಕೊಂಡು, ಚಟ್ ಚಟ್ ಎಂದು ತೊಟ್ಟು ಮುರಿಯುತ್ತಿದ್ದರು. ಶಾಲೆ ಬಿಟ್ಟು ನಾನು ಅಲ್ಲಿಗೇ ಹೋಗಿ ಅವ್ವನ ಬೆನ್ನಿಗೆ ಒರಗಿ ಓದುತ್ತಿದ್ದೆ. ಮೂರನೇ ದಿನ, ಆ ಸಾಲಿಗೆಲ್ಲ ಹಿರಿಯಳಾದ ಹುಸೇನಬಿ ಆಯಿ ತಲೆ ಎತ್ತದೆ ಕೇಳಿದಳು.

“ಏನದು, ಬಾಯಾಗ ಬಾಯಾಗ ನಗಾಕತ್ತೀ? ಜ್ವಾರಾಗಿ ಓದು. ನಾವೂ ನಗ್ತೇವಿ.”

ನಾನು ಜೋರಾಗಿ ಓದಿದೆ. ಅವತ್ತು ಎಮ್ಮೆ ಕಾವಲುಗಾರನನ್ನು ಬೈಯುವ ಪುಟ. ಸಾಲಿನ ಆ ತುದಿಯಲ್ಲಿದ್ದ ಗಂಗವ್ವ, ನಗೆ ಬಂದರೆ ಪಕ್ಕದವರ ಬೆನ್ನಿಗೆ ಗುದ್ದುವವಳು, ಗುದ್ದಿ ಹೇಳಿದಳು: “ಇದೇನ್ ಎಮ್ಮಿ ಅಲ್ಲಬೇ, ನಮ್ಮ ಹುಸೇನಬಿನ ಐತಿ. ಹಂಗ ಕುಂದ್ರತೈತಿ, ಹಂಗ ಬೈತೈತಿ.”

“ಹೌದವಾ, ನಾನ ಎಮ್ಮಿ,” ಎಂದಳು ಆಯಿ. “ನೀ ನನ್ನ ಮೈಮ್ಯಾಲಿನ ಉಣ್ಣಿ. ಓದು ತಂಗಿ ಮುಂದ.”

ಅವತ್ತಿನಿಂದ ಎಮ್ಮೆ ಆಯಿಯದಾಯಿತು. ನಾನು ಒಳಗೆ ಕಾಲಿಡುತ್ತಲೇ ಕೇಳುತ್ತಿದ್ದಳು, “ನನ್ನ ಎಮ್ಮಿ ಎಲ್ಲಿಗೆ ಬಂತು?”

ಆ ಗೋದಾಮಿನಲ್ಲಿ ಓದುವುದಕ್ಕೆ ಒಂದು ಕಟ್ಟಳೆ ಇತ್ತು. ಅದನ್ನು ಮಾಡಿದವಳು ಆಯಿಯೇ. ಮೆಣಸಿನಕಾಯಿ ಬಿಡಿಸುವ ಕೈ ಕಣ್ಣಿಗೆ ಹೋಗಬಾರದು. ಮೂಗು ತುರಿಸಿದರೆ ಭುಜಕ್ಕೆ ಒರೆಸಬೇಕು, ಬೆವರು ಬಂದರೆ ಬರಲಿ ಎಂದು ಬಿಡಬೇಕು. ಆದರೆ ಅಳು ಬಂದಾಗ ಕೈ ಯಾರ ಮಾತನ್ನೂ ಕೇಳುವುದಿಲ್ಲ, ತಾನೇ ಕಣ್ಣಿಗೆ ಹೋಗುತ್ತದೆ. ನೀಲಿಯ ತಾಯಿ ಮಗಳನ್ನು ಗುರುತಿಸದೆ ‘ಯಾರಮ್ಮಾ ನೀನು’ ಎನ್ನುವ ಪುಟವನ್ನು ನಾನು ಯಾವ ಮುನ್ಸೂಚನೆಯೂ ಇಲ್ಲದೆ ಓದಿದ ದಿನ, ಸಾಲಿನಲ್ಲಿ ಆರು ಮಂದಿ ಒಟ್ಟಿಗೆ ಕಣ್ಣು ಒರೆಸಿಕೊಂಡು ಒಟ್ಟಿಗೆ ಚೀರಿದರು. ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಏನು ಅನಾಹುತವೋ ಎಂದು ಓಡಿ ಬಂದ. ಮಜ್ಜಿಗೆ ತಂದು ಮುಖಕ್ಕೆ ಹಾಕಬೇಕಾಯಿತು. ಅಂದು ಆಯಿ, ಎರಡೂ ಕಣ್ಣು ಕೆಂಪು ಮಾಡಿಕೊಂಡು, ಹೇಳಿದಳು.

“ಇನ್ನ ಮ್ಯಾಲೆ ಅಳೂ ಅಧ್ಯಾಯ ಇದ್ರ ಮೊದಲ ಹೇಳು. ಕೈ ತೊಳಕೊಂಡು, ಎಣ್ಣಿ ಹಚಗೊಂಡು, ಸಾವಕಾಶ ಕುಂತು ಅಳ್ತೇವಿ.”

ಹಾಗಾಗಿ ನಾನು ಪ್ರತಿದಿನ ಶಾಲೆಯಲ್ಲೇ ಮುಂದಿನ ಅಧ್ಯಾಯ ಓದಿಕೊಂಡು ಬರುತ್ತಿದ್ದೆ. ‘ಇವತ್ತು ಅಳೋದಲ್ಲ’ ಎಂದರೆ ಕೆಲಸ ನಡೆಯುತ್ತಲೇ ಓದು. ‘ಅಳೋದು’ ಎಂದರೆ ಚಹಾದ ಹೊತ್ತಿಗೆ ಕಾದು, ಎಲ್ಲರೂ ಕೈ ತೊಳೆದುಕೊಂಡು, ಕೊಬ್ಬರಿ ಎಣ್ಣೆ ಸವರಿಕೊಂಡು, ಸೆರಗು ಸಿದ್ಧ ಮಾಡಿಕೊಂಡು ಕೂರುತ್ತಿದ್ದರು. ಈಗ ಯೋಚಿಸಿದರೆ, ಇಷ್ಟು ಸಜ್ಜಾಗಿ ಕುಳಿತು ಕತೆ ಕೇಳಿದ ಓದುಗರು ಯಾವ ಲೇಖಕರಿಗೂ ಸಿಕ್ಕಿರಲಾರರು.

ಅರ್ಧ ಪುಸ್ತಕ ದಾಟಿದ ಮೇಲೆ ಆಯಿ ಬರಲಿಲ್ಲ. ಹೊಟ್ಟೆಯಲ್ಲಿ ಗಂಟು ಎಂದರು. ಹಾವೇರಿಯಲ್ಲಿ ಆಪರೇಷನ್ ಎಂದರು. ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಅದು ಎಂಥ ಗಂಟು ಎಂಬ ರಿಪೋರ್ಟು ಬರಬೇಕು ಎಂದರು. ಅದನ್ನು ಹೇಳುವಾಗ ಎಲ್ಲರ ದನಿಯೂ ತಗ್ಗುತ್ತಿತ್ತು. ಹೋಗುವ ಮುಂಚೆ ಆಯಿ ಹೇಳಿ ಕಳಿಸಿದ್ದಳು, ನಾ ಬರೂ ತನಕ ಎಮ್ಮಿನ್ನ ಮುಂದ ಹೊಡೀಬ್ಯಾಡ್ರಿ ಎಂದು. ಎಮ್ಮೆ ಆಗ ಕರಿಹೊಳೆಯ ದಡದಲ್ಲಿ ನಿಂತಿತ್ತು. ಆ ಹೊಳೆ ದಾಟುವವರಿಂದ ಒಂದು ನೆರಳನ್ನು ಕೇಳುತ್ತದೆ. ದಾಟಬೇಕಾದವರು ಇಬ್ಬರು: ಒಬ್ಬಳು ಹುಡುಗಿ, ಒಂದು ಎಮ್ಮೆ. ಇಪ್ಪತ್ತು ಹೆಂಗಸರು ಹದಿನೆಂಟು ದಿನ ಎಮ್ಮೆಯನ್ನು ಅಲ್ಲೇ ನಿಲ್ಲಿಸಿ ಕಾದರು. ಓದಿಕೊಂಡವಳು ನಾನೊಬ್ಬಳೇ. ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಓದಿ, ಎಮ್ಮೆಗಾದದ್ದನ್ನು ತಿಳಿದು, ಅತ್ತು, ಮುಖ ತೊಳೆದುಕೊಂಡು ಮನೆಗೆ ಹೋಗಿದ್ದೆ.

ಆಯಿ ಬಂದಳು. ಕೆಲಸಕ್ಕಲ್ಲ, ನೋಡಿ ಹೋಗಲು. ಅರ್ಧದಷ್ಟಾಗಿದ್ದಳು. ರಿಪೋರ್ಟು ಇನ್ನೂ ಬಂದಿರಲಿಲ್ಲ. ಗಂಗವ್ವ ಹಾಸಿದ ತಟ್ಟಿನ ಮೇಲೆ ಗೋಡೆಗೆ ಒರಗಿ ಕುಳಿತಳು. ಉಸಿರು ಸರಿಹೋದ ಮೇಲೆ ನನ್ನ ಕಡೆ ನೋಡಿದಳು.

“ಏನವಾ, ನನ್ನ ಎಮ್ಮಿ ಹೊಳಿ ದಾಟಿತೇನು?”

ತೊಟ್ಟು ಮುರಿಯುವ ಸದ್ದು ನಿಂತಿತು. ಯಾರೂ ನನ್ನನ್ನು ನೋಡಲಿಲ್ಲ; ಎಲ್ಲರೂ ತಮ್ಮ ತಮ್ಮ ರಾಶಿಯನ್ನು ನೋಡುತ್ತಿದ್ದರು.

“ದಾಟಿತು ಆಯಿ,” ಎಂದೆ.

“ಅಳೂ ಅಧ್ಯಾಯ ಏನು?”

“ಅಲ್ಲ. ಅಳೋದಲ್ಲ.”

ವಕೀಲಿ ಓದಿದ ಮೇಲೆ ನಾನು ಈ ಎರಡು ಉತ್ತರಗಳನ್ನು ಹಲವು ಸಲ ತೂಗಿ ನೋಡಿದ್ದೇನೆ. ಮೊದಲನೆಯದು ಸುಳ್ಳಲ್ಲ. ಪುಸ್ತಕದಲ್ಲಿ ಮುಗಿಲಿ ಹೊಳೆಯನ್ನು ನಿಜವಾಗಿಯೂ ದಾಟುತ್ತದೆ. ಹುಡುಗಿಯನ್ನು ಬೆನ್ನ ಮೇಲೆ ಹೊತ್ತು, ನೆರಳನ್ನು ನೀರಿಗೆ ಕೊಟ್ಟು, ಆಚೆ ದಡ ಮುಟ್ಟಿಸಿ, ಅಲ್ಲಿ ಮಲಗುತ್ತದೆ. ಎರಡನೆಯದು ಸುಳ್ಳು. ಆಯಿ ದಿನವೂ ಓದಿನ ಹೊತ್ತಿಗೆ ಬಂದು ಕೂರತೊಡಗಿದಳು, ಆ ಸುಳ್ಳಿನ ಹಿಂದೆ ಪುಸ್ತಕದ ಉಳಿದ ಏಳು ಅಧ್ಯಾಯಗಳೂ ಬಂದವು. ಏಕೆಂದರೆ ಬದುಕಿಸಿದ ಎಮ್ಮೆಯನ್ನು ಎಲ್ಲಿ ಬಿಡುವುದು? ಅದು ನೀಲಿಯ ಜೊತೆಗೇ ಹೋಗಬೇಕು. ಅರಮನೆಯ ಮೆಟ್ಟಿಲು ಹತ್ತಬೇಕು. ದೊರೆಯ ದರ್ಬಾರಿನಲ್ಲಿ ಸಗಣಿ ಹಾಕಬೇಕು (ಇದು ನನ್ನದೇ, ಗಂಗವ್ವ ಮೂವರನ್ನು ಗುದ್ದಿದಳು). ಪುಟದಲ್ಲಿ ಇರುವುದನ್ನು ಕಣ್ಣಿನಲ್ಲಿ ಓದುತ್ತ, ಇಲ್ಲದ ಎಮ್ಮೆಯನ್ನು ಬಾಯಲ್ಲಿ ಸೇರಿಸುತ್ತ, ಅದಕ್ಕೆ ಆಯಿಯದೇ ಬೈಗುಳಗಳನ್ನು ಕೊಡುತ್ತ ಹೋದೆ. ಮುಂದೆ ನಾನು ಸಿದ್ಧತೆಯಿಲ್ಲದೆ ಐದು ನಿಮಿಷ ಮಾತಾಡಬಲ್ಲೆ ಎಂದು ನಿರ್ಣಾಯಕರು ಬೆರಗಾದರಲ್ಲ, ಆ ತಾಲೀಮು ಇಲ್ಲಿ ಆದದ್ದು. ನನ್ನ ಷೀಲ್ಡುಗಳೆಲ್ಲ ಒಂದು ಸತ್ತ ಎಮ್ಮೆಯ ಬೆನ್ನೇರಿ ಬಂದವು.

ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ. ಎರಡನೇ ದಿನ ಮನೆಗೆ ಹೋಗುವಾಗ ಅವ್ವ, ಬೇರೆಲ್ಲೋ ನೋಡುತ್ತ, ಹೇಳಿದಳು: “ಓದೂ ಮುಂದ ನಡನಡಕ ಹಾಳಿ ತಿರುವಬೇಕವಾ. ಮಂದಿ ನೋಡ್ತಿರತಾರ.” ಅಷ್ಟೇ. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಪುಸ್ತಕ ಮುಗಿಯುವ ಮುಂಚೆ ರಿಪೋರ್ಟು ಬಂತು. ಕೆಟ್ಟ ಗಂಟಲ್ಲ. ಆಯಿ ಬೆಲ್ಲ ಹಂಚಿದಳು. ಹಂಚುತ್ತ ಎಲ್ಲರಿಗೂ ಒಂದೇ ಮಾತು ಹೇಳಿದಳು: “ಎಮ್ಮಿ ದಾಟಿತು ಅಂದಾಗನ ನನಗ ಗೊತ್ತಾತು, ನಾನೂ ದಾಟೇನಿ ಅಂತ.” ಆ ಮಾತನ್ನು ಹದಿನಾರು ವರ್ಷ ಹೇಳಿದಳು. ಮದುವೆಗಳಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋದಾಗ. ಒಂದು ಅಧ್ಯಾಯಕ್ಕೂ ಪ್ರಯೋಗಾಲಯದ ರಿಪೋರ್ಟಿಗೂ ಏನೂ ಸಂಬಂಧವಿಲ್ಲ. ಬೇಕಾದರೆ ಈಗಲೇ ವಾದಿಸಿ ತೋರಿಸುತ್ತೇನೆ. ಆದರೆ ಎಪ್ಪತ್ತೈದರ ಹೆಂಗಸೊಬ್ಬಳು ತನ್ನ ಧೈರ್ಯವನ್ನೆಲ್ಲ ಕಟ್ಟಿಹಾಕಿದ ಗೂಟ ನಾನು ನೆಟ್ಟದ್ದು, ಅದರ ಕೆಳಗೆ ಮಣ್ಣಿಲ್ಲ ಎಂದು ಗೊತ್ತಿದ್ದವಳು ನಾನು.

ಹೀಗಿರುವಾಗ ಸಿನಿಮಾ ಬಂತು. ರಾಣೆಬೆನ್ನೂರಿನ ಥಿಯೇಟರಿಗೆ ಬಂದಿದೆ ಎಂದು ಆಯಿಯ ಸೊಸೆ ಶಮೀಮ್ ಮೊಬೈಲಿನಲ್ಲಿ ತೋರಿಸಿದ್ದಾಳೆ. ಆಯಿಯಿಂದ ಫೋನು.

“ನೀಲಿದು ಪಿಚ್ಚರ್ ಆಗೈತೆಂತಲ. ಐತವಾರ ಹೋಗೂಣು. ನೀ ಬಾ.”

ಆ ಕ್ಷಣ ನಾನು ಪುಸ್ತಕದ ಪಕ್ಷದ ಮಹಾನ್ ವಕೀಲೆಯಾದೆ. ಆಯಿ, ಸಿನಿಮಾ ಎಂದರೆ ಬೇರೆಯವರ ಕಣ್ಣಿನಿಂದ ನೋಡಿದಂತೆ ಎಂದೆ. ಪುಸ್ತಕದಲ್ಲಿ ಅರಮನೆ ಹೇಗಿದೆ ಎಂದು ಬರೆದೇ ಇಲ್ಲ. ಅದಕ್ಕೇ ನಮ್ಮ ಗೋದಾಮಿನಲ್ಲಿ ಇಪ್ಪತ್ತು ಅರಮನೆಗಳಿದ್ದವು ಎಂದೆ. ಇದು ನಿಜ. ಗಂಗವ್ವನ ಅರಮನೆಯಲ್ಲಿ ನಲ್ಲಿಗೆ ಇಡೀ ದಿನ ನೀರು ಬರುತ್ತಿತ್ತು. ಅವ್ವನದರಲ್ಲಿ ಕೀಲಿಯಿರುವ ಒಂದು ಕಪಾಟಿತ್ತು, ಕೀಲಿ ಅವಳ ಸೊಂಟದಲ್ಲಿತ್ತು. ಆಯಿಯದರಲ್ಲಿ ಹೊಸ್ತಿಲಿರಲಿಲ್ಲ, ಮೊಣಕಾಲು ನೋವಿಗೆ. ಸಿನಿಮಾದವರು ಎಲ್ಲರಿಗೂ ಒಂದೇ ಅರಮನೆ ಕೊಡುತ್ತಾರೆ, ನಮ್ಮವನ್ನೆಲ್ಲ ಕೆಡವುತ್ತಾರೆ ಎಂದು ಮುಗಿಸಿದೆ. ಒಳ್ಳೆಯ ವಾದ. ಚಪ್ಪಾಳೆ ಬರಬೇಕಾದ ಜಾಗ.

“ಮಾತ ಮುಗೀತೇನು?” ಎಂದಳು ಆಯಿ. “ಆಧಾರ್ ಕಾರ್ಡ ತಗೊಂಡ ಬಾ. ಬಸ್ಸ ಪುಕ್ಕಟೆ ಐತಿ.”

ಹೋದೆವು. ಆಯಿ ಹಬ್ಬದ ಸೀರೆ ಉಟ್ಟಿದ್ದಳು. ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೂ ಪಕ್ಕದ ಸೀಟಿನವರಿಗೆ ಕತೆ ಹೇಳಿದಳು. ನಾನು ಕಿಟಕಿಯಾಚೆ ಬೀಜ ಕಂಪನಿಗಳ ಬೋರ್ಡುಗಳನ್ನು ಓದುತ್ತ, ಸಿನಿಮಾದಲ್ಲಿ ಎಮ್ಮೆ ಸಾಯುವ ಹೊತ್ತಿಗೆ ಆಯಿಯನ್ನು ಹೊರಗೆ ಕರೆದೊಯ್ಯುವ ನೆಪಗಳನ್ನು ಲೆಕ್ಕ ಹಾಕುತ್ತಿದ್ದೆ. ಎಲ್ಲಕ್ಕಿಂತ ಗಟ್ಟಿ ನೆಪ ತಲೆಸುತ್ತು. ತಲೆಸುತ್ತು ನನಗೆ ಬರಬೇಕಿತ್ತು, ಏಕೆಂದರೆ ಆಯಿಗೆ ಬಂದರೂ ಅವಳು ಏಳುವವಳಲ್ಲ.

ನ್ಯಾಯವಾಗಿ ಹೇಳುತ್ತೇನೆ: ಸಿನಿಮಾದ ಒಂದು ದೃಶ್ಯ ಪುಸ್ತಕಕ್ಕಿಂತ ಚೆನ್ನಾಗಿದೆ. ನೀಲಿಯ ತಾಯಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿರುವಾಗ ಅವಳ ನೆರಳನ್ನು ನೆಲದಿಂದ ಕೀಳುತ್ತಾರೆ. ಪುಸ್ತಕದಲ್ಲಿ ಅದಕ್ಕೆ ಎರಡು ಪುಟ. ಸಿನಿಮಾದಲ್ಲಿ ಮಾತಿಲ್ಲ, ಸಂಗೀತವಿಲ್ಲ. ಹಸಿ ಚರ್ಮ ಸುಲಿದಂಥ ಒಂದು ಸಣ್ಣ ಸದ್ದು, ಅಷ್ಟೇ. ಆಮೇಲೆ ತಾಯಿ ಮೊರವನ್ನು ನೋಡುತ್ತಾಳೆ, ಇದು ಏತಕ್ಕೆ ಬಳಸುವ ವಸ್ತು ಎಂದು ಮರೆತವಳಂತೆ. ಆಯಿ ನನ್ನ ಮುಂಗೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.

ಆಮೇಲೆ ಮುಗಿಲಿ ಬಂತು. ಬಿಳಿ ಕುದುರೆ. ನೀಳ ಕೇಸರ, ನೀಲಿ ಕಣ್ಣು. ಎಮ್ಮೆಯ ಮೇಲೆ ಕುಳಿತ ನಾಯಕಿ ಪೋಸ್ಟರಿನಲ್ಲಿ ಒಪ್ಪುವುದಿಲ್ಲ ಎಂದು ಯಾರೋ ಹೇಳಿರಬೇಕು.

“ಇದ್ಯಾವುದ ಇದು?” ಎಂದಳು ಆಯಿ, ಥಿಯೇಟರಿಗೆಲ್ಲ ಕೇಳುವಂತೆ.

“ಮುಗಿಲಿ ಆಯಿ.”

“ನನ್ನ ಎಮ್ಮಿ ಎಲ್ಲಿ?”

“ಅವರು ಕುದುರೆ ಮಾಡ್ಯಾರ.”

ನನಗೆ ಒಳಗೆ ಸಂತೋಷವಾಯಿತು. ಈಗ ಸಿಟ್ಟಾಗಿ ಏಳುತ್ತಾಳೆ, ಹೊರಗೆ ಹೋಗಿ ಗಿರ್ಮಿಟ್ ತಿಂದು ಮನೆಗೆ ಹೋಗಬಹುದು. ಆಯಿ ಕುದುರೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕುದುರೆ ಕಾವಲುಗಾರನನ್ನು ಬೈಯಿತು. ಬೈಗುಳ ಸಪ್ಪೆಯಾಗಿತ್ತು, ಆದರೆ ಅದೇ ಪುಟದ್ದು.

“ಇರಲಿ ಬಿಡು,” ಎಂದಳು. “ಯಾರಿಗೂ ಗುರತ ಸಿಗಬಾರದಂತ ವೇಷ ಹಾಕ್ಯಾಳ.”

ಹೀಗೆ ಒಂದೇ ಮಾತಿನಲ್ಲಿ ಆಯಿ ಸಿನಿಮಾವನ್ನು ಕ್ಷಮಿಸಿಬಿಟ್ಟಳು. ನಾನು ಎರಡು ಷೀಲ್ಡು ಗೆದ್ದ ವಿಷಯದ ಮೇಲೆ ನನಗೆ ಈ ಔದಾರ್ಯ ಎಂದೂ ಹೊಳೆದಿರಲಿಲ್ಲ.

ಕರಿಹೊಳೆ ಬಂತು. ನಾನು ತಲೆಸುತ್ತಿಗೆ ಸಿದ್ಧಳಾದೆ. ಕುದುರೆ ನೀರಿಗಿಳಿಯಿತು, ನೆರಳು ಕರಗಿತು, ಆಚೆ ದಡದಲ್ಲಿ ಕುದುರೆ ಬಿತ್ತು. ಬಿದ್ದು ಒಂದು ಉದ್ದನೆಯ ಭಾಷಣ ಮಾಡಿತು. ನೀಲಿಯ ಕಣ್ಣೀರು ಅದರ ಹಣೆಯ ಮೇಲೆ ಬಿತ್ತು. ಚಿನ್ನದ ಬೆಳಕು ಎದ್ದಿತು, ವಯಲಿನ್ನುಗಳು ಎದ್ದವು, ಕುದುರೆಯೂ ಎದ್ದಿತು. ರೆಕ್ಕೆ ಸಹಿತ.

ಸಿನಿಮಾದವರೂ ಅದನ್ನು ಬದುಕಿಸಿದ್ದರು. ಹತ್ತು ವರ್ಷದ ಹುಡುಗಿಯೊಬ್ಬಳು ಗೋದಾಮಿನಲ್ಲಿ ಮಾಡಿದ್ದನ್ನೇ, ಬಹಳ ದುಡ್ಡು ಸುರಿದು ಮಾಡಿದ್ದರು. ನಾನು ಕುರ್ಚಿಗೆ ಒರಗಿದೆ. ಆಯಿ ಗೆದ್ದವಳಂತೆ ತೊಡೆ ತಟ್ಟಿಕೊಂಡಳು.

“ನೋಡಿದ್ಯಾ. ಪುಸ್ತಕದಾಗ ಇದ್ದಂಗ ತಗದಾರ.”

ನಮ್ಮ ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರಿಬ್ಬರಿದ್ದರು. ಅವರಲ್ಲೊಬ್ಬ ಗೆಳೆಯನಿಗೆ ಹೇಳಿದ: “ಎಲ್ಲಾ ಕೆಡಿಸ್ಯಾರಲೇ. ಪುಸ್ತಕದಾಗ ಅದು ಸಾಯತೈತಿ. ನಮ್ಮಕ್ಕ ಓದಿ ಎರಡ ದಿನ ಊಟ ಬಿಟ್ಟಿದ್ಲು.”

ಆಯಿ ಇಡೀ ಮೈ ತಿರುಗಿಸಿದಳು.

“ಏ ತಮ್ಮಾ. ಯಾವ ಪುಸ್ತಕ ಓದೀಯೋ ನೀ?”

“ಇದನ್ನ ಅಜ್ಜಿ. ಇದ ಪಿಚ್ಚರಿಂದು.”

“ನಾ ಇಡೀ ಪುಸ್ತಕ ಕೇಳೇನಿ. ಅದು ದಾಟತೈತಿ, ಅರಮನಿಗೆ ಹೋಗತೈತಿ, ದರ್ಬಾರದಾಗ ಸಗಣಿ ಹಾಕತೈತಿ.”

“ಸಗಣಿ ಎಲ್ಲೈತಿ ಅಜ್ಜಿ ಅದರಾಗ?” ಹುಡುಗ ನಕ್ಕ. ಕೆಟ್ಟ ನಗೆಯಲ್ಲ.

ಆಯಿ ನನ್ನ ಕಡೆ ತಿರುಗಿದಳು. “ಹೇಳವಾ. ನೀ ವಕೀಲಿ ಅದೀ. ಇವಗ ಸ್ವಲ್ಪ ತಿಳಿಸಿ ಹೇಳು.”

ಪರವಾಗಿ ಮಾತಾಡಿ ಗೆದ್ದಿದ್ದೇನೆ, ವಿರೋಧವಾಗಿ ಮಾತಾಡಿ ಗೆದ್ದಿದ್ದೇನೆ. ಆ ಮೂರನೇ ಸಾಲಿನಲ್ಲಿ, ಪರದೆಯ ಬೆಳಕು ಆಯಿಯ ಮುಖದ ಮೇಲೆ ಹೋಗಿಬರುತ್ತಿರುವಾಗ, ಒಂದು ಮಾತೂ ಬರಲಿಲ್ಲ. ನಾನು ಬಾಯಿ ತೆರೆಯುವುದನ್ನು ಆಯಿ ಕಾದಳು. ಕಾದು, ಸಾವಕಾಶವಾಗಿ ಮುಂದಕ್ಕೆ ತಿರುಗಿ ಕುಳಿತಳು. ಉಳಿದ ಸಿನಿಮಾವನ್ನು ಇಬ್ಬರೂ ನೋಡಿದೆವು. ಅದರಲ್ಲಿ ಏನಾಯಿತೆಂದು ನನಗೆ ನೆನಪಿಲ್ಲ. ಹೊರಗೆ ಬರುವಾಗ ಆ ಹುಡುಗ ಬಂದು, ಸಾರಿ ಅಜ್ಜಿ ಎಂದು ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದ. ಅದು ಇನ್ನೂ ಕಷ್ಟವಾಯಿತು.

ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸು ಇನ್ನೂ ಬಂದಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಸಿಮೆಂಟಿನ ಬೆಂಚಿನ ಮೇಲೆ ಕುಳಿತು ಆಯಿ ಕೇಳಿದಳು.

“ಅವ ಅಂದದ್ದು ಖರೇ ಏನು?”

“ಖರೇ ಆಯಿ.”

“ಹೊಳ್ಯಾಗ ಸತ್ತಿತೇನು?”

“ದಾಟಿತು. ದಾಟಿದ ಮ್ಯಾಲೆ, ದಂಡಿ ಮ್ಯಾಲೆ.”

ನಾನು ವಿವರಿಸಲು ಹೊರಟೆ. ನೀ ಅವತ್ತು ಅಷ್ಟು ಸೊರಗಿದ್ದೆ, ರಿಪೋರ್ಟು ಬಂದಿರಲಿಲ್ಲ, ನನಗೆ ಹತ್ತು ವರ್ಷ, ನಿನ್ನ ಮುಖ ನೋಡಿ ಬಾಯಿಗೆ ಬಂತು. ಎಲ್ಲ ಅಂಶಗಳೂ ಕ್ರಮವಾಗಿದ್ದವು. ಆಯಿ ಕೈ ಎತ್ತಿ ನಿಲ್ಲಿಸಿದಳು. ಅವಳು ನನ್ನ ಸಮರ್ಥನೆ ಕೇಳುತ್ತಿರಲಿಲ್ಲ. ಬೇರೆ ಏನನ್ನೋ ಎಣಿಸುತ್ತಿದ್ದಳು.

“ಹಂಗಾರ ಆ ಜೀವ ಸತ್ತು ಹದಿನಾರ ವರ್ಷ ಆತು.”

“ಹೂಂ.”

“ನಾವು ಇಪ್ಪತ್ತ ಮಂದಿ ಇದ್ವಿ. ಒಬ್ಬಾಕಿನೂ ಅಳಲಿಲ್ಲ.”

“ನಾ ಅತ್ತಿದ್ದೆ ಆಯಿ. ಸಾಲಿ ಹಿಂದ, ಬೇವಿನ ಗಿಡದ ಬುಡಕ.”

ಆಯಿ ನನ್ನನ್ನು ನೋಡಿದಳು. ಸಿಟ್ಟು ಬಂದಿತ್ತು. ಹದಿನಾರು ವರ್ಷದಲ್ಲಿ ಆಯಿ ನನಗೆ ಸಾವಿರ ಸಲ ಬೈದಿದ್ದಾಳೆ; ಖರೇ ಸಿಟ್ಟನ್ನು ಅಂದೇ ಕಂಡದ್ದು.

“ಒಬ್ಬಾಕಿನ?”

“ಹೂಂ.”

“ಅಷ್ಟೀಟ ಹುಡುಗಿ, ಒಬ್ಬಾಕಿನ ಕುಂತ ಅತ್ತು, ಮುಖಾ ತೊಳಕೊಂಡು ಬಂದು ನನ್ನ ಮುಂದ ನಕ್ಕೋತ ಓದೀದಿ. ನನಗ ಹೇಳಿದ್ರ ನಾ ಏನ ಸಾಯತಿದ್ದೆನೇನು? ಹೊಟ್ಟಿ ಕೊಯ್ಯಿಸಿಕೊಂಡ ಬಂದಾಕಿ ನಾ. ಒಂದು ಎಮ್ಮಿ ಸತ್ತದ್ದು ತಡಕೋತಿರಲಿಲ್ಲೇನು? ಕೈ ತೊಳಕೊಂಡು ಇಬ್ಬರೂ ಕೂಡಿ ಅಳತಿದ್ವಿ.”

ಬಸ್ಸು ಬಂತು. ಹತ್ತುವ ಗದ್ದಲದಲ್ಲಿ ಮಾತು ನಿಂತಿತು. ನಾನು ಅಷ್ಟು ವರ್ಷ ಕಾಪಾಡಿದ ಗೂಟವನ್ನು ಆಯಿ ಕಿತ್ತು ಬದಿಗಿಟ್ಟಿದ್ದಳು, ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ರಿಪೋರ್ಟು, ದಾಟುವುದು, ಯಾವುದೂ ಅಲ್ಲ. ಮೋಟೆಬೆನ್ನೂರು ದಾಟಿದ ಮೇಲೆ, ಆಯಿ ನಿದ್ದೆ ಹೋಗಿದ್ದಾಳೆ ಎಂದು ನಾನು ಅಂದುಕೊಂಡಾಗ, ಕಣ್ಣು ಮುಚ್ಚಿಯೇ ಹೇಳಿದಳು.

“ಬರೂ ಐತವಾರ ಪುಸ್ತಕ ತಗೊಂಡ ಬಾ. ಇದ್ದದ್ದು ಇದ್ದಂಗ ಓದು.”

ಹೋದ ಭಾನುವಾರ ಹೋಗಿದ್ದೆ. ಆಯಿಯ ಮನೆಯ ಪಡಸಾಲೆ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಅಂದಿನ ಇಪ್ಪತ್ತು ಮಂದಿಯಲ್ಲಿ ಕೆಲವರು ಊರು ಬಿಟ್ಟಿದ್ದಾರೆ, ಕೆಲವರು ತೀರಿಕೊಂಡಿದ್ದಾರೆ. ಅವ್ವ ಬಂದಿದ್ದಳು. ಗಂಗವ್ವ ಸಾವಿನ ಮನೆಗೆ ಬಂದವಳಂತೆ ಬಾಗಿಲಲ್ಲೇ ನಿಂತು ಹೇಳಿದಳು: “ಎಮ್ಮಿ ಮಣ್ಣಿಗೆ ಬರ್ರಿ ಅಂತ ಹೇಳಿ ಕಳಿಸೀರಿ. ಬಂದೇನಿ ನೋಡ್ರಿ.” ಶಮೀಮ್ ಚಹಾ ಇಟ್ಟು, ತಾನೂ ಒಂದು ಮೂಲೆಯಲ್ಲಿ ಕುಳಿತಳು. ಆಯಿ ಹೊರಸಿನ ಮೇಲೆ ಗೋಡೆಗೆ ಒರಗಿದ್ದಳು. ಯಾರೂ ಅಧ್ಯಾಯ ಎಂಥದ್ದು ಎಂದು ಕೇಳಲಿಲ್ಲ.

ಓದಿದೆ. ಲಗೂ ಮುಗಿಸಿಬಿಡುವ ಹಾಗೆ ಓದುತ್ತಿದ್ದೆನೆಂದು ಕಾಣುತ್ತದೆ. “ಸಾವಕಾಶ,” ಎಂದಳು ಆಯಿ, “ಎಮ್ಮಿ ನೀರಾಗ ಐತಿ.” ಸಾವಕಾಶ ಓದಿದೆ. ಮುಗಿಲಿ ಹೊಳೆಗಿಳಿಯುತ್ತದೆ. ನೀರು ಅದರ ನೆರಳನ್ನು ಕಾಲಿನಿಂದ ಮೇಲಕ್ಕೆ ಕುಡಿಯುತ್ತ ಬರುತ್ತದೆ. ಆಚೆ ದಡದಲ್ಲಿ ಎಮ್ಮೆ ಮಂಡಿಯೂರಿ, ಹುಡುಗಿಯನ್ನು ಇಳಿಸಿ, ಮಲಗುತ್ತದೆ. ನೀಲಿ ಓಡಿಹೋಗಿ ಹುಲ್ಲು ಕಿತ್ತು ತರುತ್ತಾಳೆ, ಎಮ್ಮೆ ಮಾತಾಡಲಿ ಎಂದು. ಬಾಯಿಗೆ ಇಡುತ್ತಾಳೆ. ಎಮ್ಮೆ ಹುಲ್ಲನ್ನು ಬಾಯಲ್ಲಿ ಹಿಡಿದುಕೊಳ್ಳುತ್ತದೆ. ಅಗಿಯುವುದಿಲ್ಲ. ಹುಡುಗಿ ಕಾಯುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ನಾನು ಅಂದು ಅದರ ಬಾಯಿಗೆ ಬೈಗುಳ ಕೊಟ್ಟಿದ್ದೆ, ಸಿನಿಮಾದವರು ಭಾಷಣ ಕೊಟ್ಟರು. ಪುಸ್ತಕ ಏನೂ ಕೊಟ್ಟಿರಲಿಲ್ಲ.

“ಏನೂ ಮಾತಾಡಲಿಲ್ಲೇನು?” ಎಂದಳು ಆಯಿ.

“ಇಲ್ಲ ಆಯಿ.”

“ಬೈಯಲಿಲ್ಲ?”

“ಇಲ್ಲ.”

ಆಯಿ ತಲೆಯಾಡಿಸಿದಳು, ಹೌದು, ಹಾಗೇ ಆಗುವುದು ಎನ್ನುವ ಹಾಗೆ. ಗಂಗವ್ವ ಸೆರಗು ಮುಖಕ್ಕೆ ಒತ್ತಿಕೊಂಡಿದ್ದಳು. ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆಗ ನನಗೆ ಅಕ್ಷರ ಕಾಣುತ್ತಿಲ್ಲ ಎಂದು ಗೊತ್ತಾಯಿತು. ಎರಡು ಷೀಲ್ಡಿನ ವಾಗ್ಮಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಐದನೇ ಇಯತ್ತೆಯವಳ ಹಾಗೆ ಅತ್ತೆ. ಯಾರೂ ಸುಮ್ಮನಿರು ಎನ್ನಲಿಲ್ಲ. ಹೊರಸು ಕಿರ್ ಎಂದಿತು. ಆಯಿ ಕಷ್ಟಪಟ್ಟು ಕೆಳಗಿಳಿದು, ನನ್ನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ನೆಲದ ಮೇಲೆ ಕುಳಿತಳು. ಎಷ್ಟು ಹೊತ್ತು ಎಂದು ಯಾರೂ ನೋಡಲಿಲ್ಲ, ಚಹಾ ಆರಿತು.

ಆಮೇಲೆ ಮೂಗು ಒರೆಸಿಕೊಂಡು, ಬೆರಳಿನಿಂದ ನನ್ನ ಮಡಿಲಿನ ಪುಸ್ತಕ ತಟ್ಟಿದಳು.

“ಮುಂದ ಓದು. ಆ ಹುಡುಗಿ ಒಬ್ಬಾಕಿನ ನಿಂತಾಳ ಅಲ್ಲಿ.”